ಅಬ್ಬಿ ನೀರಿಗೆ ಬೀಗ ಹಾಕಿದ್ದಾರೆ, ಏನು ಮಾಡಬೇಕು?

ನಡುಮನೆ_ಶಿರಸಿ · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕಿನ ಒಂದು ಸಣ್ಣ ಕೇರಿ. ಮೇಲಿನಮನೆ, ನಮ್ಮ ನಡುಮನೆ, ಕೆಳಗಿನಮನೆ, ಮೂರೇ ಮನೆ. ಮೇಲಿನಮನೆಯ ಹಿಂದೆ ಬೆಟ್ಟ, ಬೆಟ್ಟದಲ್ಲಿ ಒಂದು ಒರತೆ. ಅಲ್ಲಿಂದ ಇಳಿಯುವ ಅಬ್ಬಿ ನೀರೇ ಮೂರೂ ಮನೆಗೆ ಕುಡಿಯಲು, ಬಚ್ಚಲಿಗೆ, ಕೊಟ್ಟಿಗೆಗೆ. ಮಾವನವರ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತಂತೆ. ಆಮೇಲೆ ಕರಿ ಪೈಪು ಹಾಕಿದರು. ಪೈಪು ಮೇಲಿನಮನೆಯವರ ತೋಟದ ಅಂಚಿನಲ್ಲೇ ಇಳಿಯುತ್ತದೆ.

ಈಚೆಗೆ ಅವರು ಗದ್ದೆ ತೆಗೆದು ಅಡಿಕೆ ಸಸಿ ನೆಟ್ಟರು. ಹನಿ ನೀರಾವರಿ ಮಾಡಿಸಿ, ಆ ಲೈನನ್ನೂ ಇದೇ ಪೈಪಿಗೆ ಸೇರಿಸಿದರು. ಮಳೆಗಾಲದಲ್ಲಿ, ದೀಪಾವಳಿ ತನಕವೂ, ಏನೂ ಗೊತ್ತಾಗಲಿಲ್ಲ. ಶಿವರಾತ್ರಿ ಕಳೆದ ಮೇಲೆ ನಮ್ಮ ಟಾಂಕಿಗೆ ಬೀಳುವ ನೀರು ಸಣ್ಣಗಾಯಿತು. ಜಾತ್ರೆಗೆ ನೆಂಟರು ಬಂದಾಗ ಪೂರ್ತಿ ನಿಂತಿತು. ಕೇಳಲು ಹೋದರೆ ಮೇಲಿನಮನೆ ಭಾವ, "ನೀರು ನಮ್ಮ ಬೆಟ್ಟದ್ದು. ಇಷ್ಟು ವರ್ಷ ಕೊಟ್ಟದ್ದು ಉಪಕಾರಕ್ಕೆ" ಅಂದರು. ಮಾತಿಗೆ ಮಾತು ಬೆಳೆಯಿತು. ಮರುದಿನ ನೋಡಿದರೆ ಗೇಟ್‌ವಾಲ್ವಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ.

ಈಗ ಕೆಳಗಿನಮನೆಯ ಬಾವಿಯಿಂದ ಕೊಡದಲ್ಲಿ ಹೊರುತ್ತಿದ್ದೇವೆ. ಬೇಸಿಗೆ ಕಳೆಯುವ ತನಕ ಆ ಬಾವಿಯೂ ತಡೆಯುವುದಿಲ್ಲ. ಅತ್ತೆಗೆ ವಯಸ್ಸಾಗಿದೆ, ಕೊಟ್ಟಿಗೆಯಲ್ಲಿ ಎರಡು ಆಕಳಿವೆ. ನಮಗೆ ಹಕ್ಕು ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲ. ಕೇಸು ಹಾಕಿ ಮುಖ ಮುರಿದುಕೊಳ್ಳಲೂ ಮನಸ್ಸಿಲ್ಲ. ಆ ಮನೆಯ ಅಕ್ಕ ನನ್ನ ಬಾಣಂತನದಲ್ಲಿ ಹಗಲು ರಾತ್ರಿ ಮಾಡಿದವರು. ತಿಳಿದವರು ದಾರಿ ಹೇಳಿ.

ಕಾನಸೂರು_ಕಡೆಯವ · ಭಾನುವಾರ ರಾತ್ರಿ

ಅಕ್ಕಾ, ಕುಡಿಯುವ ನೀರಿಗೆ ಬೀಗ ಹಾಕುವುದು ಅಂದರೆ ಏನು! ಬೀಗ ಒಡೆದು ಹಾಕಿ. ಜೊತೆಗೆ ಒಂದು ಪೊಲೀಸ್ ಕಂಪ್ಲೇಂಟ್ ಕೊಡಿ. ಹೆದರಿಕೆ ಇಲ್ಲದಿದ್ದರೆ ಇಂಥವರು ಬಗ್ಗುವುದಿಲ್ಲ.

ವಕೀಲೆ_ಕುಮಟಾ · ಭಾನುವಾರ ರಾತ್ರಿ

ದಯವಿಟ್ಟು ಬೀಗ ಒಡೆಯಬೇಡಿ. ಒಡೆದ ಕ್ಷಣಕ್ಕೆ ಆರೋಪಿ ನೀವಾಗುತ್ತೀರಿ, ನೀರಿನ ಮಾತು ಹಿಂದೆ ಹೋಗುತ್ತದೆ. ಕುಡಿಯುವ ನೀರು, ಬೇಸಾಯದ ನೀರು ಬೇಕೆಂದೇ ಕಡಿಮೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ ಅಪರಾಧ, 5 ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ಐಪಿಸಿಯಲ್ಲಿ ಇದು 430 ಆಗಿತ್ತು. ಆದರೆ ನಿಮ್ಮ ಹಕ್ಕು ಏನೆಂದು ಮೊದಲು ತೋರಿಸದಿದ್ದರೆ ಠಾಣೆಯಲ್ಲಿ "ಸಿವಿಲ್ ವ್ಯಾಜ್ಯ" ಅಂತ ಹಿಂಬರಹ ಕೊಟ್ಟು ಕಳಿಸುವುದೇ ಹೆಚ್ಚು.

ಈ ಕೆಳಗಿನವು ನನಗೆ ಗೊತ್ತಾಗಬೇಕು. ಒರತೆ ಇರುವ ಜಾಗ ಅವರ ಮಾಲ್ಕಿಯೋ, ಅಂದರೆ ಸ್ವಂತದ್ದೋ, ಅಥವಾ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವೋ? ನೀರು ಎಷ್ಟು ವರ್ಷದಿಂದ ಬರುತ್ತಿದೆ? ಮೂರೂ ಮನೆ ಮೊದಲು ಒಂದೇ ಕುಟುಂಬವಾಗಿತ್ತಾ? ಹಾಗಿದ್ದರೆ ಹಳೆಯ ಪಾಲುಪಟ್ಟಿ ಮನೆಯಲ್ಲಿದೆಯಾ? ಪೆಟ್ಟಿಗೆ ತೆಗೆದು ಹುಡುಕಿ. ಪಹಣಿಯನ್ನೂ ತೆಗೆಸಿ, ಇತರ ಹಕ್ಕು, ಋಣ ಬರೆಯುವ 11ನೇ ಕಾಲಂ ನೋಡಿ.

ಪೈಪಿನವ_ಹೊಳೆಗದ್ದೆ · ಸೋಮವಾರ ಬೆಳಿಗ್ಗೆ

ನಾನು ಪ್ಲಂಬಿಂಗ್ ಕೆಲಸದವನು. ಘಟ್ಟದ ಮೇಲೂ ಅಬ್ಬಿ ಲೈನು ಮಾಡಿಕೊಟ್ಟಿದ್ದೇನೆ. ಅಕ್ಕಾ, ಜನರ ಜಗಳಕ್ಕಿಂತ ಮೊದಲು ಪೈಪಿನ ಜಗಳ ನೋಡಬೇಕು.

ಗುರುತ್ವದ ಲೈನಿಗೆ ಟೀ ಜಾಯಿಂಟ್ ಹಾಕಿ ಒಂದೊಂದು ಮನೆಗೆ ಒಂದೊಂದು ಕವಲು ಕೊಟ್ಟರೆ ನೀರು ಸಮವಾಗಿ ಹಂಚಿ ಹೋಗುವುದೇ ಇಲ್ಲ. ತಗ್ಗಿನಲ್ಲಿ ಬಾಯಿ ತೆರೆದಿರುವ ಕವಲು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಗದ್ದೆ ಇರುವುದು ಮನೆಗಿಂತ ಕೆಳಗಲ್ವಾ? ಹನಿ ಪೈಪು ಬಿಟ್ಟ ಕೂಡಲೇ ಲೈನಿನ ಒತ್ತಡ ಬಿದ್ದು ಹೋಗುತ್ತದೆ. ಆಗ ನಿಮ್ಮ ಟಾಂಕಿ ಬಾಯಿ ತನಕ ನೀರು ಏರುವುದಿಲ್ಲ. ಖಾಲಿ ಪೈಪಿನಲ್ಲಿ ಗಾಳಿ ಹಿಡಿದುಕೊಂಡರೆ ಆಮೇಲೆ ಗದ್ದೆ ಬಂದ್ ಮಾಡಿದರೂ ನೀರು ಬರುವುದಿಲ್ಲ. ಅವರು "ನಾವು ಬಂದ್ ಮಾಡಿದ್ದೇವಲ್ಲ" ಅನ್ನುತ್ತಾರೆ, ನೀವು "ಬರುತ್ತಲೇ ಇಲ್ಲ" ಅನ್ನುತ್ತೀರಿ. ಇಬ್ಬರ ಮಾತೂ ನಿಜ.

ಮೊದಲು ಅಳತೆ ಮಾಡಿ. ಒರತೆಯ ಬುಡದಲ್ಲಿ ಪೈಪು ಬಿಡಿಸಿ ಒಂದು 15 ಲೀಟರ್ ಬಕೆಟ್ ಇಡಿ. ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿ. ನಿಮಿಷಕ್ಕೆ 5 ಲೀಟರ್ ಬಂದರೂ ದಿನಕ್ಕೆ 7,200 ಲೀಟರ್ ಆಗುತ್ತದೆ. ಸಾಧ್ಯವಾದರೆ ಮೇಲಿನಮನೆಯವರನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಅಳೆದ ಲೆಕ್ಕವನ್ನು ಇನ್ನೊಬ್ಬರು ನಂಬುವುದಿಲ್ಲ.

ಮಾಸ್ತರ್_ಹೊನ್ನಾವರ · ಸೋಮವಾರ ಮಧ್ಯಾಹ್ನ

ನಾನು ನೀರು ಕೊಟ್ಟವರ ಕಡೆಯಿಂದ ಬರೆಯುತ್ತೇನೆ. ಇಲ್ಲಿ ಆ ಮಾತು ಯಾರೂ ಆಡಿಲ್ಲ.

ನಮ್ಮ ಬಾವಿಯಿಂದ ಪಕ್ಕದ ಮನೆಗೆ ನೀರು ಹೋಗುತ್ತದೆ. ಅವರ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಉಪ್ಪು. ಕೊಡ ತಂದು ಸೇದಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಆಮೇಲೆ ನಮ್ಮ ಪಂಪಿನಿಂದಲೇ ಅವರ ಟಾಂಕಿಗೆ ಒಂದು ಪೈಪು ಹೋಯಿತು. ಅವರ ಮನೆಯಲ್ಲಿ ವಾಷಿಂಗ್ ಮಷಿನ್ ಬಂತು, ಬಾಡಿಗೆಗೆ ಎರಡು ಕೋಣೆ ಎದ್ದವು. ಒಂದು ಎಚ್‌ಪಿ ಪಂಪು ಒಂದು ತಾಸು ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಗೃಹಜ್ಯೋತಿ ಬಂದ ಮೇಲೆ ಇದು ಸಣ್ಣ ಮಾತಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ನಮ್ಮ ಫ್ಯಾನು, ಅವರ ನೀರು ಎರಡೂ ಸೇರಿ ಗೆರೆ ದಾಟುತ್ತದೆ. "ಕರೆಂಟು ಫ್ರೀ ಅಲ್ವಾ ಮಾಸ್ತರೇ" ಅಂತ ಅವರು ಕೇಳುತ್ತಾರೆ. ಏನು ಹೇಳುವುದು?

ಇದಕ್ಕಿಂತ ದೊಡ್ಡ ಹೆದರಿಕೆ ಬೇರೆಯದು. ಊರಲ್ಲಿ ಎಲ್ಲರೂ ಹೇಳುತ್ತಾರೆ, ಇಪ್ಪತ್ತು ವರ್ಷ ನೀರು ಕೊಟ್ಟರೆ ಬಾವಿ ಅವರದ್ದಾಗುತ್ತದೆ ಅಂತ. ಹೀಗಾಗಿ ಕೊಡುವ ಮನಸ್ಸಿದ್ದವರೂ ಹತ್ತೊಂಬತ್ತನೇ ವರ್ಷಕ್ಕೆ ಪೈಪು ಕತ್ತರಿಸುತ್ತಾರೆ. ನಡುಮನೆಯವರೇ, ನಿಮ್ಮ ಭಾವನಿಗೂ ಯಾರೋ ಇದನ್ನೇ ತಲೆಗೆ ತುಂಬಿರಬಹುದು. ವಕೀಲರು ಇದಕ್ಕೆ ಉತ್ತರ ಹೇಳಬೇಕು.

ವಕೀಲೆ_ಕುಮಟಾ · ಸೋಮವಾರ ರಾತ್ರಿ

ಮಾಸ್ತರೇ, ಈ ಒಂದು ತಪ್ಪು ತಿಳಿವಳಿಕೆಯಿಂದಲೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ನಡುವೆ ಮಾತು ನಿಂತಿದೆ. ಹೀಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಇದಕ್ಕೆ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಅನುಭೋಗದ ಹಕ್ಕಿನ ಕಾಯ್ದೆ. ಅದರ 15ನೇ ಕಲಮಿನ ಪ್ರಕಾರ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ನಡುವೆ ನಿಲ್ಲದೆ, ಇದು ನನ್ನ ಹಕ್ಕು ಅಂತ ಬಳಸಿದರೆ ಮಾತ್ರ ಹಕ್ಕು ಹುಟ್ಟುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. "ಇದು ನನ್ನ ಹಕ್ಕು" ಅನ್ನುವ ಮಾತು ಮುಖ್ಯ. ನಿಮ್ಮ ಒಪ್ಪಿಗೆ ಕೇಳಿ, ನೀವು ಕೊಟ್ಟಿದ್ದೀರಿ ಅಂತ ಬಳಸಿದರೆ ಅದು ಹಕ್ಕಲ್ಲ, ಪರವಾನಗಿ. ಪರವಾನಗಿ ನೂರು ವರ್ಷ ನಡೆದರೂ ಅಷ್ಟಕ್ಕೇ ಹಕ್ಕಾಗುವುದಿಲ್ಲ. ಮತ್ತೆ, ಹಕ್ಕು ಹುಟ್ಟಿದರೂ ಅದು ನೀರು ಒಯ್ಯುವ ಹಕ್ಕು ಮಾತ್ರ. ಬಾವಿ ನಿಮ್ಮದೇ. ನೀವು ಮಾಡಬೇಕಾದ್ದು ಇಷ್ಟೇ: ಒಂದು ಹಾಳೆಯಲ್ಲಿ "ನಮ್ಮ ಒಪ್ಪಿಗೆಯ ಮೇರೆಗೆ ನೀರು ಒಯ್ಯುತ್ತಿದ್ದಾರೆ, ಮನೆಬಳಕೆಗೆ ಮಾತ್ರ, ಕರೆಂಟು ಖರ್ಚು ಅವರದ್ದು" ಅಂತ ಬರೆದು ಇಬ್ಬರೂ ಸಹಿ ಹಾಕಿ. ಆ ಹಾಳೆ ಇದ್ದರೆ ನೀವು ನೆಮ್ಮದಿಯಿಂದ ನೀರು ಕೊಡಬಹುದು.

ಒಂದು ಎಚ್ಚರ ಮಾತ್ರ ಬೇಕು. ಒಪ್ಪಿಗೆ ಪಡೆದವರು ನಿಮ್ಮ ಜಾಗದಲ್ಲಿ ಸ್ವಂತ ಖರ್ಚಿನಲ್ಲಿ ಸಿಮೆಂಟಿನ ಟಾಂಕಿಯಂಥ ಶಾಶ್ವತ ಕೆಲಸ ಮಾಡಿಸಿದರೆ, 60ನೇ ಕಲಮಿನ ಪ್ರಕಾರ ಆ ಪರವಾನಗಿಯನ್ನು ಮನಸ್ಸು ಬಂದಾಗ ಹಿಂತೆಗೆಯಲು ಬರುವುದಿಲ್ಲ. ಕಟ್ಟುವ ಮೊದಲೇ ಬರೆದುಕೊಳ್ಳಿ.

ಇನ್ನು ನೀರು ಪಡೆಯುವವರಿಗೆ ಎರಡು ಮಾತು. 24ನೇ ಕಲಮಿನ ಉದಾಹರಣೆಯೇ ನಮ್ಮ ಅಬ್ಬಿ ಲೈನಿನ ಹಾಗಿದೆ. ಇನ್ನೊಬ್ಬರ ಜಾಗದಲ್ಲಿ ನೀರಿನ ಪೈಪು ಹಾಕುವ ಹಕ್ಕು ಇದ್ದವರು ಒಳಗೆ ಹೋಗಿ ಅಗೆದು ರಿಪೇರಿ ಮಾಡಬಹುದು, ಆದರೆ ನೆಲವನ್ನು ಮೊದಲಿನ ಹಾಗೆ ಮುಚ್ಚಿಕೊಡಬೇಕು. ಆ ರಿಪೇರಿ ಖರ್ಚು ಬಳಸುವವರದ್ದು. ಮತ್ತೆ, ಹಕ್ಕು ಯಾವುದಕ್ಕೆ ಹುಟ್ಟಿತೋ ಅದಕ್ಕೇ ಸೀಮಿತ. ಒಂದು ಮನೆಯ ಬಳಕೆಗೆ ಪಡೆದ ನೀರನ್ನು ಬೇರೆ ಸರ್ವೆ ನಂಬರಿನ ತೋಟಕ್ಕೆ ಬಿಡಲು ಬರುವುದಿಲ್ಲ.

ಹಕ್ಕಿಗೆ ಅಡ್ಡಿ ಮಾಡಿದ ಮೇಲೆ ಸುಮ್ನೆ ಕೂರಬೇಡಿ. ಅಡ್ಡಿಯಾದ ಎರಡು ವರ್ಷದ ಒಳಗೆ ಕೋರ್ಟಿಗೆ ಹೋಗದಿದ್ದರೆ ಹಿಂದಿನ 20 ವರ್ಷದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಗೋಕರ್ಣ_ತೆಂಗಿನಮನೆ · ಮಂಗಳವಾರ ಬೆಳಿಗ್ಗೆ

ಮೇಡಂ ಕೊನೆಗೆ ಹೇಳಿದ ಬಳಕೆಯ ಮಾತು ನಮಗೆ ಬೇಕಿತ್ತು. ನಮ್ಮದು ಮತ್ತು ಪಕ್ಕದವರದ್ದು ಗಡಿಯ ಮೇಲೆ ಒಂದೇ ಬಾವಿ. ಅಜ್ಜಂದಿರು ಸೇರಿ ತೋಡಿಸಿದ್ದು. ಚಿರೇಕಲ್ಲಿನ (ಜಂಬಿಟ್ಟಿಗೆ) ಕಟ್ಟೆ, ಎರಡೂ ಕಡೆ ಒಂದೊಂದು ರಾಟೆ. ಈಗ ಅವರು ಮನೆಯನ್ನು ಹೋಮ್‌ಸ್ಟೇ ಮಾಡಿದ್ದಾರೆ. ಸೀಸನ್ನಿನಲ್ಲಿ ಕೋಣೆ ತುಂಬಿದಾಗ ಅವರ ಪಂಪು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಓಡುತ್ತದೆ. ನೀರು ಮುಗಿಯುವುದಕ್ಕಿಂತ ಮೊದಲು ರುಚಿ ಬದಲಾಗುತ್ತದೆ. ಹೋದ ಬೇಸಿಗೆಯಲ್ಲಿ ಚಹಾಕ್ಕೆ ಹಾಕಿದ ಹಾಲು ಒಡೆಯಿತು.

ಕಾರವಾರದಿಂದ ಭಟ್ಕಳದ ತನಕ ಸಮುದ್ರದ ಹತ್ತಿರದ ಎಲ್ಲ ಬಾವಿಗಳದ್ದೂ ಇದೇ ಕಥೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅದರ ಮೇಲೆ ತೇಲಿಕೊಂಡು ಇರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಮೇಲೆ ಒಂದು ಅಡಿ ಎಳೆದು ಖಾಲಿ ಮಾಡಿದರೆ ಕೆಳಗಿನಿಂದ ಉಪ್ಪು ಅದರ ಎಷ್ಟೋ ಪಟ್ಟು ಮೇಲೇರುತ್ತದೆ. ಹೀಗಾಗಿ ಜೋರಾಗಿ ಒಮ್ಮೆಲೇ ಎಳೆಯಬಾರದು. ಸಣ್ಣ ಪಂಪಿನಲ್ಲಿ ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ಎಳೆಯಬೇಕು. ಇದನ್ನು ಅವರಿಗೆ ಹೇಳಿದರೆ "ನಿಮಗೆ ಹೊಟ್ಟೆಕಿಚ್ಚು" ಅನ್ನುತ್ತಾರೆ. ಉಪ್ಪು ಬಂದರೆ ಇಬ್ಬರ ಮನೆಗೂ ಬರುತ್ತದೆ ಅನ್ನುವುದು ಅವರಿಗೆ ಯಾಕೆ ಕಾಣುವುದಿಲ್ಲವೋ.

ಅವರು ಶೌಚದ ನೀರು ಇಂಗಿಸುವ ಹೊಸ ಸೋಕ್‌ಪಿಟ್‌ಗೆ ಗುರುತು ಮಾಡಿದ್ದೂ ಬಾವಿಯ ಹತ್ತಿರವೇ. ಬಾವಿಗೂ ಶೌಚದ ಗುಂಡಿಗೂ ಕಡಿಮೆ ಅಂದರೆ 15 ಮೀಟರ್ ಬೇಕು ಅಂತ ಆರೋಗ್ಯ ಇಲಾಖೆಯವರು ಯಾವಾಗಲೂ ಹೇಳುತ್ತಾರೆ. ಚಿರೇಕಲ್ಲಿನಲ್ಲಿ ತೂತು ಜಾಸ್ತಿ, ನೀರು ಬೇಗ ಹರಿಯುತ್ತದೆ, ಇನ್ನೂ ದೂರ ಇದ್ದರೇ ಒಳ್ಳೆಯದು. ಪಂಚಾಯತಿಗೆ ಬರೆದು ಕೊಟ್ಟಿದ್ದೇನೆ.

ವಕೀಲೆ_ಕುಮಟಾ · ಮಂಗಳವಾರ ಮಧ್ಯಾಹ್ನ

ನಿಮ್ಮದು ಜಂಟಿ ಬಾವಿ. ನೀವು ಯಾರ ಉಪಕಾರದಲ್ಲೂ ಇಲ್ಲ, ನೀವೂ ಮಾಲೀಕರೇ. ಒಬ್ಬ ಪಾಲುದಾರ ಇನ್ನೊಬ್ಬರ ಬಳಕೆ ಕೆಡುವ ಹಾಗೆ ಎಳೆಯಲು ಬರುವುದಿಲ್ಲ. ಪಂಚಾಯತಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಜೋಪಾನ ಮಾಡಿ. ನೀರಿನ ಪರೀಕ್ಷೆ ಮಾಡಿಸಿ, ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಎರಡು ರಿಪೋರ್ಟು ಪಕ್ಕಪಕ್ಕ ಇಟ್ಟರೆ ವಾದವೇ ಬೇಕಾಗುವುದಿಲ್ಲ.

ಕಾನಸೂರು_ಕಡೆಯವ · ಮಂಗಳವಾರ ಸಂಜೆ

ಇಷ್ಟೆಲ್ಲ ತಾಪತ್ರಯ ಯಾಕೆ? ನಡುಮನೆಯವರು ಸ್ವಂತ ಬೋರ್‌ವೆಲ್ ತೆಗೆಸಲಿ. ಯಾರ ಹಂಗೂ ಬೇಡ.

ಪೈಪಿನವ_ಹೊಳೆಗದ್ದೆ · ಮಂಗಳವಾರ ರಾತ್ರಿ

ತಮ್ಮಾ, ಒರತೆ ಇರುವ ಗುಡ್ಡದ ಬುಡದಲ್ಲಿ ಬೋರ್ ಹೊಡೆಸಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಬೋರಿಗೆ ನೀರು ಬಂದರೂ ಬರಬಹುದು, ಅದೇ ಬೇಸಿಗೆಗೆ ಒರತೆ ಬತ್ತಲೂಬಹುದು. ಆಗ ಮೂರೂ ಮನೆಯ ಪುಕ್ಕಟೆ ನೀರು ಹೋಗಿ, ಒಬ್ಬರ ಮನೆಯಲ್ಲಿ ಮಾತ್ರ ಕರೆಂಟು ಇದ್ದಾಗ ಬರುವ ನೀರು ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟು ಇಲ್ಲದಾಗ ಅಬ್ಬಿ ಇದ್ದ ಮನೆಯವರೇ ಸುಖಿಗಳು.

ವಕೀಲೆ_ಕುಮಟಾ · ಮಂಗಳವಾರ ರಾತ್ರಿ

ಕಾನೂನೂ ಇಲ್ಲಿ ಸಹಾಯ ಮಾಡುವುದಿಲ್ಲ. ನೆಲದೊಳಗೆ ಗೊತ್ತಾದ ಕಾಲುವೆಯಲ್ಲಿ ಹರಿಯದ, ಸುಮ್ನೆ ಒಸರುವ ನೀರಿನ ಮೇಲೆ ಎಷ್ಟು ವರ್ಷ ಬಳಸಿದರೂ ಅನುಭೋಗದ ಹಕ್ಕು ಹುಟ್ಟುವುದಿಲ್ಲ. 17ನೇ ಕಲಮು ಹಾಗೇ ಹೇಳುತ್ತದೆ. ಪಕ್ಕದವರು ಬೋರ್ ಹೊಡೆಸಿ ನಿಮ್ಮ ಬಾವಿ ಬತ್ತಿದರೆ ಪರಿಹಾರ ಸಿಗುವುದು ತುಂಬಾ ಕಷ್ಟ. ತಡೆ ಇರುವುದು ಸಾರ್ವಜನಿಕ ಕುಡಿಯುವ ನೀರಿನ ಮೂಲದ ಹತ್ತಿರ. ಅದರಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದು ಅಂತ ರಾಜ್ಯದ 1999ರ ಕಾಯ್ದೆ ಹೇಳುತ್ತದೆ.

ಮಾಸ್ತರ್_ಹೊನ್ನಾವರ · ಬುಧವಾರ ಬೆಳಿಗ್ಗೆ

ಬೋರಿಗೆ ಹಾಕುವ ಹಣದ ಒಂದು ಪಾಲನ್ನು ಮಾಡಿನ (ಛಾವಣಿಯ) ಮಳೆನೀರು ಹಿಡಿಯಲು ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಹಿಡಿದರೆ ತಪ್ಪಿಲ್ಲ. ಸಾವಿರ ಚದರ ಅಡಿಯ ಮಾಡು ಅಂದರೆ 93 ಚದರ ಮೀಟರ್. ಸೋರಿದ್ದು, ಹಾರಿದ್ದು ಕಳೆದರೂ ಎರಡು ಲಕ್ಷ ಲೀಟರಿಗಿಂತ ಜಾಸ್ತಿ. ಅದನ್ನೆಲ್ಲ ಟಾಂಕಿಯಲ್ಲಿ ಹಿಡಿದಿಡಲು ಯಾರಿಗೂ ಆಗುವುದಿಲ್ಲ. ಸೋಸಿ ಬಾವಿಗೆ ಬಿಟ್ಟರೆ ಉಪ್ಪು ಬರುವುದು ಕೆಲವು ವಾರ ಮುಂದೆ ಹೋಗುತ್ತದೆ. ಗೋಕರ್ಣದವರಿಗೆ ಇದು ಉಪಯೋಗವಾಗಬಹುದು.

ವಕೀಲರೇ, ನೀವು ಹೇಳಿದ ಹಾಗೆ ಒಂದು ಹಾಳೆ ಬರೆದು ಪಕ್ಕದವರಿಗೆ ಓದಿ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. ಕರೆಂಟಿಗೆ ಸಬ್‌ಮೀಟರ್ ಹಾಕಿಸುತ್ತೇನೆ, ನೀರಿಗೆ ದುಡ್ಡು ಬೇಡ ಅಂದಾಗ ಸಹಿ ಹಾಕಿದರು.

ನಡುಮನೆ_ಶಿರಸಿ · ಗುರುವಾರ ರಾತ್ರಿ

ಎಲ್ಲರಿಗೂ ಕೃತಜ್ಞತೆ. ಎರಡು ಸಂಗತಿ ಆಗಿವೆ.

ಮೊದಲನೆಯದು, ಅತ್ತೆಯ ಪೆಟ್ಟಿಗೆಯಲ್ಲಿ ಪಾಲುಪಟ್ಟಿ ಸಿಕ್ಕಿತು. ಮೂರೂ ಮನೆ ಒಂದೇ ಕುಟುಂಬವಾಗಿತ್ತು. ಮಡಿಕೆಯಲ್ಲಿ ಹರಿದಿದೆ, ಮಸಿ ಮಾಸಿದೆ, ಆದರೂ ಓದಲು ಬರುತ್ತದೆ. ಒಂದು ಕಡೆ ಹೀಗಿದೆ: "ಬೆಟ್ಟದ ಅಬ್ಬಿ ನೀರನ್ನು ಮೂವರೂ ಪೂರ್ವದ ವಹಿವಾಟಿನಂತೆ ಉಪಭೋಗಿಸತಕ್ಕದ್ದು." ಕೆಳಗೆ ಮೂವರ ಸಹಿ. ಮೇಲಿನಮನೆ ಭಾವನ ಅಪ್ಪನ ಸಹಿಯೂ ಇದೆ. ಪಹಣಿಯನ್ನೂ ತೆಗೆಸಿದೆ. ಒರತೆ ಇರುವ ಸರ್ವೆ ನಂಬರು ಬೆಟ್ಟ ಅಂತಿದೆ, ಅವರ ಮಾಲ್ಕಿ ಅಲ್ಲ.

ಎರಡನೆಯದು, ಅಳತೆ ಆಯಿತು. ಭಾವನನ್ನು ಕರೆಯಲು ಧೈರ್ಯ ಬರಲಿಲ್ಲ. ಅವರ ಮಗನಿಗೆ ಫೋನ್ ಮಾಡಿದೆ. ಅವನೇ ಬಕೆಟ್ ಹಿಡಿದುಕೊಂಡು ಬಂದ. 15 ಲೀಟರ್ ತುಂಬಲು ಎರಡೂವರೆ ನಿಮಿಷ. ಅಂದರೆ ನಿಮಿಷಕ್ಕೆ 6 ಲೀಟರ್, ದಿನಕ್ಕೆ 8,640. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದ. ಮನೆಗೆ ಐದು ಜನರ ಹಾಗೆ ಮೂರು ಮನೆ, ತಲೆಗೆ ಪಟ್ಟಣದ ಲೆಕ್ಕದ 135 ಲೀಟರ್ ಹಿಡಿದರೂ ಎರಡು ಸಾವಿರ ಚಿಲ್ಲರೆ. ಕೊಟ್ಟಿಗೆಗಳಿಗೆಲ್ಲ ಸೇರಿ ಇನ್ನು ಐನೂರು. ಉಳಿದದ್ದು ಆರು ಸಾವಿರ ಲೀಟರ್! ಸಂಜೆ ಹನಿ ಪೈಪು ಬಂದ್ ಮಾಡಿದ ಮೇಲೆ ಅವರ ಟಾಂಕಿ ತುಂಬಿ, ಬೆಳಗಾಗುವ ತನಕ ನೀರು ಹಳ್ಳಕ್ಕೆ ಹೋಗುತ್ತಿದೆ. ನಾವು ಕೊಡ ಹೊರುವಾಗ ನೀರು ಅಲ್ಲಿ ಸುಮ್ನೆ ಹರಿದು ಹೋಗುತ್ತಿತ್ತು. ನೋಡಿ ನನಗೆ ಅಳುವೇ ಬಂತು. ಅವನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪೈಪಿನವ_ಹೊಳೆಗದ್ದೆ · ಗುರುವಾರ ರಾತ್ರಿ

ನಾನು ಎಣಿಸಿದ್ದು ಇದನ್ನೇ ಅಕ್ಕಾ. ಸಸಿಗೆ ನೀರು ಬೇಡ ಅನ್ನುವಂತಿಲ್ಲ, ಅವರೂ ಬೆಳೆಯಬೇಕು. ಫಸಲು ಬರುವ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾದರೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಹಿಡಿದರೆ ಹತ್ತು ಸಾವಿರ ಲೀಟರ್ ಆಗುತ್ತದೆ. ಅಷ್ಟು ಈ ಒರತೆಯಲ್ಲಿ ಇಲ್ಲ. ಸಸಿ ದೊಡ್ಡದಾಗುವ ಮೊದಲು ಅವರು ತೋಟಕ್ಕೆ ಬೇರೆ ಹೊಂಡ ನೋಡಿಕೊಳ್ಳಬೇಕು. ಈಗಿನ ಮಟ್ಟಿಗೆ ಸಾಕು.

ಪಾಲುತೊಟ್ಟಿ ಕಟ್ಟಿಸಿ. ಒರತೆ ಮತ್ತು ಮೇಲಿನಮನೆಯ ನಡುವೆ, ಎಲ್ಲ ಮನೆಗಿಂತ ಎತ್ತರದಲ್ಲಿ. ಒಂದು ದೊಡ್ಡ ಕೋಣೆ, ಅದಕ್ಕೆ ತಾಗಿ ಮೂರು ಸಣ್ಣ ಕೋಣೆ. ಒರತೆ ನೀರು ದೊಡ್ಡ ಕೋಣೆಗೆ ಬೀಳಬೇಕು. ನಡುಗೋಡೆಯಲ್ಲಿ ಒಂದೇ ಅಳತೆಯ, ಒಂದೇ ಮಟ್ಟದ ಮೂರು ತೂತು. ಒಂದೊಂದು ತೂತಿನ ನೀರು ಒಂದೊಂದು ಸಣ್ಣ ಕೋಣೆಗೆ. ಅಲ್ಲಿಂದ ಮನೆಗೆ ಪೈಪು. ತೂತಿಗೆ ನೇರ ಪೈಪು ಸಿಗಿಸಬೇಡಿ, ತಗ್ಗಿನ ಮನೆ ಮತ್ತೆ ಎಳೆದುಕೊಳ್ಳುತ್ತದೆ. ನೀರು ತೂತಿನಿಂದ ಬಿಡುಬೀಸಾಗಿ ಕೋಣೆಗೆ ಬಿದ್ದರೆ ಕೆಳಗೆ ಯಾರ ಪೈಪು ಎಷ್ಟು ಇಳಿಜಾರಾಗಿದ್ದರೂ ಪಾಲು ಒಂದೇ.

ಮೂರೂ ಮನೆಯ ಟಾಂಕಿಗೆ ಫ್ಲೋಟ್ ವಾಲ್ವ್ ಹಾಕಿಸಿ. ಟಾಂಕಿ ತುಂಬಿದರೆ ನೀರು ಹಿಂದಕ್ಕೆ ನಿಂತು ಪಾಲುತೊಟ್ಟಿಯಲ್ಲೇ ಏರುತ್ತದೆ. ದೊಡ್ಡ ಕೋಣೆಯಲ್ಲಿ, ತೂತಿಗಿಂತ ಮೇಲೆ ಒಂದು ಕೋಡಿ ಪೈಪು ಇಡಿ. ಸಣ್ಣ ಕೋಣೆಗಳ ಗೋಡೆ ಆ ಕೋಡಿಗಿಂತ ಎತ್ತರ ಇರಲಿ.

ವಕೀಲೆ_ಕುಮಟಾ · ಶುಕ್ರವಾರ ಬೆಳಿಗ್ಗೆ

ಪಾಲುಪಟ್ಟಿ ಸಿಕ್ಕಿದ್ದು ದೊಡ್ಡ ವಿಷಯ. ಮೂಲವನ್ನು ಯಾರ ಕೈಗೂ ಕೊಡಬೇಡಿ, ಫೋಟೋ ತೆಗೆದಿಡಿ. ಒಂದೇ ಕುಟುಂಬ ಪಾಲಾದಾಗ ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಡೆದುಬಂದ ನೀರಿನ ದಾರಿ ಪಾಲಾದ ಮೇಲೂ ಉಳಿಯುತ್ತದೆ. 13ನೇ ಕಲಮಿನಲ್ಲಿ ಇದೆ, ಅದಕ್ಕೆ 20 ವರ್ಷದ ಲೆಕ್ಕವೂ ಬೇಕಿಲ್ಲ. ಇನ್ನು ಬೆಟ್ಟ. ಉತ್ತರ ಕನ್ನಡದ ಬೆಟ್ಟದ ಮೇಲೆ ತೋಟದವರಿಗೆ ಇರುವುದು ಸವಲತ್ತು, ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಬರುವಂಥದ್ದು. ಅದು ಮಾಲ್ಕಿ ಅಲ್ಲ. "ನೀರು ನಮ್ಮ ಬೆಟ್ಟದ್ದು" ಅನ್ನುವ ಮಾತು ನಿಲ್ಲುವುದಿಲ್ಲ. ಹಾಗೆಯೇ ಅಲ್ಲಿ ಹೊಸದಾಗಿ ಸಿಮೆಂಟು ಕೆಲಸ ಮಾಡಲು ನಿಮಗೂ ಬರುವುದಿಲ್ಲ, ಅರಣ್ಯ ಇಲಾಖೆ ಕೇಳುತ್ತದೆ. ಪಾಲುತೊಟ್ಟಿ ಮಾಲ್ಕಿಯ ಗಡಿಯೊಳಗೆ ಬರಲಿ. ಅಂದರೆ ಮೇಲಿನಮನೆಯವರ ಜಾಗದಲ್ಲಿ. ಹೀಗಾಗಿ ಅವರ ಒಪ್ಪಿಗೆ ಬೇಕೇ ಬೇಕು.

ನಡುಮನೆ_ಶಿರಸಿ · ಭಾನುವಾರ ರಾತ್ರಿ

ನಿನ್ನೆ ಕೆಳಗಿನಮನೆ ಜಗಲಿಯಲ್ಲಿ ಎಲ್ಲರೂ ಕೂತೆವು. ಪಾಲುಪಟ್ಟಿಯನ್ನು ಅತ್ತೆಯೇ ಓದಿಸಿದರು. ಅಪ್ಪನ ಸಹಿ ನೋಡಿ ಭಾವ ಬಹಳ ಹೊತ್ತು ಸುಮ್ಮನಿದ್ದರು. ಮಗ ನೀರಿನ ಲೆಕ್ಕ ಹೇಳಿದ. ಬೀಗ ತೆಗೆದಿದ್ದಾರೆ. ರಾತ್ರಿ ನೀರು ನಮಗೆ, ಹಗಲು ತೋಟಕ್ಕೆ, ಸದ್ಯಕ್ಕೆ ಹೀಗೆ. ತೊಟ್ಟಿ ಕಟ್ಟಲು ಜಾಗ ಕೊಡುತ್ತೇನೆ ಅಂದರು. ಆದರೆ ಬರೆದುಕೊಡಲು ಒಪ್ಪುತ್ತಿಲ್ಲ. "ಮಾತಿಗೆ ಬೆಲೆ ಇಲ್ಲವಾ? ಕಾಗದ ಯಾಕೆ?" ಅನ್ನುತ್ತಾರೆ. ನಮ್ಮ ಮನೆಯವರು ಇಷ್ಟಕ್ಕೇ ಬಿಡೋಣ ಅನ್ನುತ್ತಾರೆ. ನನಗೆ ಸಮಾಧಾನ ಇಲ್ಲ. ಕಾಗದ ಇದ್ದದ್ದಕ್ಕೇ ಅಲ್ವಾ ಈಗ ಬೀಗ ತೆಗೆದದ್ದು?

ವಕೀಲೆ_ಕುಮಟಾ · ಸೋಮವಾರ ಬೆಳಿಗ್ಗೆ

ನಿಮ್ಮ ಮಾತೇ ಸರಿ. ಬಿಡಬೇಡಿ, ಒತ್ತಾಯವನ್ನೂ ಮಾಡಬೇಡಿ. ಹೊಸ ಹಕ್ಕು ಕೊಡುವ ಪತ್ರ ಅಂದರೆ ಅವರಿಗೆ ಹೆದರಿಕೆ ಆಗುತ್ತದೆ. ಹಳೆಯ ಪಾಲುಪಟ್ಟಿಯನ್ನು ಮುಂದುವರಿಸುವ ಒಪ್ಪಂದ ಅಂತ ಬರೆಯಿರಿ. ಅದರಲ್ಲಿ ಅವರಿಗೆ ಬೇಕಾದ್ದೂ ಇರಲಿ: ತೊಟ್ಟಿಯ ಜಾಗ ಅವರದ್ದೇ, ರಿಪೇರಿಗೆ ಹೋಗುವ ಮೊದಲು ಹೇಳಿ ಹೋಗಬೇಕು, ಸಸಿ ಹಾಳಾದರೆ ಕಟ್ಟಿಕೊಡಬೇಕು, ಖರ್ಚು ಮೂರು ಪಾಲು, ಮನೆ ಮತ್ತು ಕೊಟ್ಟಿಗೆ ಬಳಕೆ ಬಿಟ್ಟು ಬೇರೆಯದಕ್ಕೆ ನಿಮ್ಮ ಪಾಲಿನ ನೀರೂ ಹೋಗಬಾರದು. ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬಿಡದೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮುಂದೆ ಜಾಗ ಕೊಂಡವರೂ ಅದಕ್ಕೆ ಬದ್ಧರಾಗುತ್ತಾರೆ.

ಆಗಲೂ ಆಗದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ. ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸಬಹುದು. ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿಯೂ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, ಅರ್ಜಿ ನಿಮ್ಮ ಹೆಸರಲ್ಲೇ ಇರಲಿ.

ನಡುಮನೆ_ಶಿರಸಿ · ಸೋಮವಾರ ರಾತ್ರಿ

ಪಾಲುಪಟ್ಟಿಯನ್ನು ಮುಂದುವರಿಸುವುದು ಅಂದಾಗ ಭಾವನ ಮಗ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದ. ನೋಡೋಣ. ಪೈಪಿನ ಅಣ್ಣಾ, ಒಂದು ಕೇಳುವುದಿದೆ. ತೊಟ್ಟಿಯ ಕೋಡಿ ನೀರನ್ನು ಎಲ್ಲಿಗೆ ಬಿಡುವುದು? ಮನೆಯವರು ಹಳ್ಳಕ್ಕೆ ಅನ್ನುತ್ತಾರೆ.

ಪೈಪಿನವ_ಹೊಳೆಗದ್ದೆ · ಸೋಮವಾರ ರಾತ್ರಿ

ಹಳ್ಳಕ್ಕೆ ಬೇಡ ಅಕ್ಕಾ. ಕೋಡಿ ಪೈಪನ್ನು ಮೇಲಿನಮನೆಯವರ ಸಸಿ ತೋಟಕ್ಕೇ ಕೊಡಿ. ಅಲ್ಲಿ ಒಂದು ಸಿಂಟೆಕ್ಸ್ ಇಟ್ಟು, ಅದರಿಂದ ಹನಿ ಲೈನಿಗೆ. ಮೂರು ಮನೆಯ ಟಾಂಕಿ ತುಂಬಿದ ಮೇಲೆ ಉಳಿದದ್ದೆಲ್ಲ ಅವರಿಗೇ ಹೋಗುತ್ತದೆ, ರಾತ್ರಿ ಇಡೀ. ನಿಮ್ಮ ಮನೆಯಲ್ಲಿ ನಲ್ಲಿ ಸೋರದಿದ್ದರೆ ಅವರಿಗೆ ಲಾಭ, ತೊಟ್ಟಿ ಚೊಕ್ಕ ಇದ್ದರೆ ಅವರಿಗೇ ಜಾಸ್ತಿ ಲಾಭ. ಎಲೆ ಕಸ ತೆಗೆಯಲು ಅವರ ಮಗನೇ ಮೊದಲು ಹೋಗುತ್ತಾನೆ, ಬೇಕಾದರೆ ನೋಡಿ.

ತೂತು ಇಡುವ ದಿನ ಮೇಸ್ತ್ರಿಗೆ ಟ್ಯೂಬ್ ಲೆವೆಲ್ ಹಿಡಿಯಲು ಹೇಳಿ, ಕಣ್ಣಳತೆ ಬೇಡ. ಮೂರಕ್ಕೂ ಒಂದೇ ಪೈಪಿನಿಂದ ಕತ್ತರಿಸಿದ ತುಂಡು ಹಾಕಿ. ಪ್ಲಾಸ್ಟರ್ ಮಾಡುವ ಮೊದಲು ಒಮ್ಮೆ ನೀರು ಬಿಟ್ಟು, ಮೂರೂ ಬಾಯಿಗೆ ಒಂದೊಂದು ಬಕೆಟ್ ಇಟ್ಟು, ಮೂರೂ ಮನೆಯವರ ಎದುರಿಗೇ ನೋಡಿ. ವ್ಯತ್ಯಾಸ ಬಂದರೆ ಆಗಲೇ ಸರಿ ಮಾಡಿಸಿ.